ವರಾಟಿಕಾ ವಿಚಾರ

ಕಳೆದ ಚಾತುರ್ಮಾಸ್ಯದಲ್ಲಿ ಎರ್ನಾಕುಲಂನಲ್ಲಿ ನಡೆದ ಗೀತಾಪಾಠದ ಮೂರನೆಯ ದಿನ, ಮಂಗಳಾರತಿ ಮುಗಿದು ತೀರ್ಥಪ್ರಸಾದ ಹಂಚುವ ಹೊತ್ತಿಗೆ, ಧಾರವಾಡದ ಕಡೆಯಿಂದ ಬಂದು ಹತ್ತು ವರ್ಷಗಳಿಂದ ಕೊಚ್ಚಿಯಲ್ಲಿ ನೆಲಸಿರುವ ಕುಟುಂಬವೊಂದು ನನ್ನ ಮುಂದೆ ಕೆಂಪು ಬಟ್ಟೆಯ ಪುಟ್ಟ ಚೀಲವೊಂದನ್ನು ಇಟ್ಟಿತು. ಬಿಚ್ಚಿ ನೋಡಿದರೆ ಹನ್ನೊಂದು ಹಳದಿ ಕವಡೆಗಳು. ಯಾವುದೋ ವಸ್ತುಪ್ರದರ್ಶನದಲ್ಲಿ ‘ಲಕ್ಷ್ಮೀ ಕವಡೆ’ ಎಂದು ಹೇಳಿ 1,100 ರೂಪಾಯಿಗೆ ಮಾರಿದ್ದರಂತೆ.

“ಆಚಾರ್ಯರೇ, ದೇವರ ಮಂಟಪದಲ್ಲಿ ಇವನ್ನಿಟ್ಟು ಶುಕ್ರವಾರ ಅರಿಶಿನ ಕುಂಕುಮ ಏರಿಸಿದರೆ ಮನೆಯ ಸಾಲ ಬೇಗ ತೀರುತ್ತದೆ ಎಂದು ಹೇಳಿದರು. ಇಡಬಹುದೇ?” ಎಂದು ಸೊಸೆ ಕೇಳಿದಳು. ಅತ್ತೆಯವರು ಸುಮ್ಮನಿರಲಿಲ್ಲ. “ಸತ್ತ ಹುಳದ ಚಿಪ್ಪು ಅದು. ಸಾಲಿಗ್ರಾಮದ ಪಕ್ಕಕ್ಕೆ ತಂದಿಡೋದಂದ್ರೆ ಏನು? ಮೈಲಿಗೆ ಅಲ್ಲವೇನ್ರಿ ಆಚಾರ್ರೇ?” ಎಂದರು. ಎಂಟನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಒಂದು ಕವಡೆಯನ್ನು ಕೈಯಲ್ಲಿ ಹಿಡಿದು ಹಿಂದುಮುಂದು ತಿರುಗಿಸುತ್ತಿದ್ದಳು. ಅವಳು ಕೇಳಿದಳು: “ಅಜ್ಜಾ, ಇದರೊಳಗಿನ ಹುಳು ತಾನಾಗಿ ಸತ್ತಿತೋ, ಈ ಚಿಪ್ಪಿಗಾಗಿ ಸಾಯಿಸಿದರೋ?”

ಅತ್ತೆಯವರ ಪ್ರಶ್ನೆಗೆ ಅಲ್ಲಿಯೇ ಸಮಾಧಾನ ಹೇಳಿದೆನು. ಉಳಿದೆರಡಕ್ಕೆ, ವಿಶೇಷವಾಗಿ ಆ ಬಾಲಿಕೆಯ ಪ್ರಶ್ನೆಗೆ, ಉತ್ತರ ಹೇಳುವಷ್ಟು ವಿಷಯ ಆ ದಿನ ನನ್ನಲ್ಲಿರಲಿಲ್ಲ. ಆಮೇಲೆ ಓದಿ, ಬಲ್ಲವರನ್ನು ಕೇಳಿ, ತಿಳಿದುಕೊಂಡದ್ದನ್ನು ಸಂಪಾದಕರ ಅಪ್ಪಣೆಯಂತೆ ಇಲ್ಲಿ ನಿವೇದಿಸುತ್ತಿದ್ದೇನೆ. ಕೇರಳದಲ್ಲಿರುವ ನಮ್ಮವರ ಅನೇಕ ಮನೆಗಳಲ್ಲಿ ಇದೇ ಮಾತು ನಡೆಯುತ್ತಿರುವುದನ್ನು ಬಲ್ಲೆನಾದುದರಿಂದ ವಿಸ್ತಾರವನ್ನು ವಾಚಕ ಮಹಾಶಯರು ಮನ್ನಿಸಬೇಕು.

ಮೊದಲು ಶಬ್ದವಿಚಾರ. ಸಂಸ್ಕೃತದಲ್ಲಿ ಕವಡೆಗೆ ವರಾಟಕ, ವರಾಟಿಕಾ, ಕಪರ್ದ, ಕಪರ್ದಿಕಾ ಎಂಬ ಹೆಸರುಗಳಿವೆ. ವರಾಟಕವೆಂದರೆ ತಾವರೆಯ ನಡುವಿನ ಬೀಜಕೋಶವೂ ಹೌದು, ಹಗ್ಗವೂ ಹೌದು. ಕಪರ್ದವೆಂದರೆ ಸುರುಳಿಯಾಗಿ ಕಟ್ಟಿದ ಜಡೆ. ವೇದದಲ್ಲಿ ರುದ್ರನನ್ನೂ ಪೂಷನನ್ನೂ ಕಪರ್ದಿ ಎಂದು ಕರೆದಿದೆ. ಕಪರ್ದ ಶಬ್ದವೇ ಪ್ರಾಕೃತದ ದಾರಿಯಿಂದ ಇಳಿದು ಕನ್ನಡದ ಕವಡೆ, ಮಲಯಾಳದ ಕವಡಿ, ಹಿಂದಿಯ ಕೌಡಿ ಆಯಿತು. ಇಂಗ್ಲಿಷರ ‘ಕೌರಿ’ಯೂ ಹಿಂದಿಯಿಂದ ಹೋದದ್ದೇ.

ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯ ಮೊದಲ ಭಾಗ ಲೀಲಾವತಿ. ಅದರ ಆರಂಭದಲ್ಲಿರುವ ನಾಣ್ಯಪರಿಭಾಷೆ ಹೊರಡುವುದೇ ಕವಡೆಯಿಂದ. ಇಪ್ಪತ್ತು ವರಾಟಕಗಳಿಗೆ ಒಂದು ಕಾಕಿಣಿ, ನಾಲ್ಕು ಕಾಕಿಣಿಗೆ ಒಂದು ಪಣ, ಹದಿನಾರು ಪಣಕ್ಕೆ ಒಂದು ದ್ರಮ್ಮ, ಹದಿನಾರು ದ್ರಮ್ಮಕ್ಕೆ ಒಂದು ನಿಷ್ಕ. ಗುಣಿಸಿದರೆ ಪಣಕ್ಕೆ 80 ಕವಡೆ, ದ್ರಮ್ಮಕ್ಕೆ 1,280, ನಿಷ್ಕಕ್ಕೆ 20,480. ಈ ಪಣವೇ ತದ್ಭವವಾಗಿ ನಮ್ಮ ‘ಹಣ’ವಾಯಿತು. ಮಲಯಾಳದಲ್ಲಿ ಪಕಾರ ಹಾಗೆಯೇ ಉಳಿದು ‘ಪಣಂ’ ಎನ್ನುತ್ತಾರೆ. ನಮ್ಮ ಮಕ್ಕಳು ಶಾಲೆಯಲ್ಲಿ ಪಣಂ ಎಂದೂ ಮನೆಗೆ ಬಂದು ಹಣ ಎಂದೂ ಹೇಳುವಾಗ, ಒಂದು ಕಾಲಕ್ಕೆ ಎಂಬತ್ತು ಕವಡೆಗಳ ಬೆಲೆಯಾಗಿದ್ದ ಒಂದೇ ಶಬ್ದವನ್ನು ಎರಡು ಬಾಯಲ್ಲಿ ಆಡುತ್ತಿದ್ದಾರೆ. ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂಬ ನಮ್ಮ ಹಿರಿಯರ ಮಾತು ಬರಿಯ ಅಲಂಕಾರವಲ್ಲ, ಲೆಕ್ಕದ ಮಾತು.

ಈ ಪಟ್ಟಿ ಗಣಿತ ಕಲಿಸಲು ಕಲ್ಪಿಸಿದ್ದಿರಬಹುದೆಂದು ನಾನು ಬಹುಕಾಲ ಭಾವಿಸಿದ್ದೆ. ಅದು ತಪ್ಪು. ವಂಗದೇಶದಲ್ಲಿ ಹತ್ತೊಂಬತ್ತನೆಯ ಶತಮಾನದವರೆಗೂ ಕವಡೆ ಚಲಾವಣೆಯಲ್ಲಿತ್ತು. ಅಲ್ಲಿಯ ಲೆಕ್ಕದಲ್ಲಿ ನಾಲ್ಕು ಕವಡೆಗೆ ಒಂದು ಗಂಡಾ, ಇಪ್ಪತ್ತು ಗಂಡಾಕ್ಕೆ ಒಂದು ಪಣ, ಹದಿನಾರು ಪಣಕ್ಕೆ ಒಂದು ಕಾಹನ, ನಾಲ್ಕು ಕಾಹನಕ್ಕೆ ಒಂದು ರೂಪಾಯಿ. ನಡುವಿನ ಮೆಟ್ಟಿಲುಗಳು ಬೇರೆ; ಆದರೆ ಪಣಕ್ಕೆ ಅದೇ 80, ಕಾಹನಕ್ಕೆ ಭಾಸ್ಕರರ ದ್ರಮ್ಮದ ಅದೇ 1,280. ರೂಪಾಯಿಗೆ 5,120. ಆರು ನೂರು ವರ್ಷಗಳ ಅಂತರದಲ್ಲಿ, ದೇಶದ ಎರಡು ಮೂಲೆಗಳಲ್ಲಿ, ಅಂಕೆ ಒಂದೇ.

1778ರಲ್ಲಿ ಸಿಲ್ಹೆಟ್ಟಿಗೆ ಅಧಿಕಾರಿಯಾಗಿ ಹೋದ ರಾಬರ್ಟ್ ಲಿಂಡ್ಸೆ ಎಂಬ ಸ್ಕಾಟ್ಲೆಂಡಿನವನು ಅಲ್ಲಿಯ ಕಂದಾಯವೆಲ್ಲ ಕವಡೆಯಲ್ಲಿಯೇ ಬರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕಂದಾಯದ ಮೊತ್ತ ಎರಡೂವರೆ ಲಕ್ಷ ರೂಪಾಯಿ. ರೂಪಾಯಿಗೆ 5,120ರಂತೆ ಗುಣಿಸಿದರೆ 128 ಕೋಟಿ ಕವಡೆ! ಅವನ್ನು ಉಗ್ರಾಣಗಳಲ್ಲಿ ತುಂಬಿಸಿ, ದೋಣಿಗಳಲ್ಲಿ ಢಾಕಾಕ್ಕೆ ಸಾಗಿಸುತ್ತಿದ್ದರು. ಸರಕುಸಾಗಣೆಯ ಲೆಕ್ಕದಲ್ಲಿ ಆಯುಷ್ಯ ಕಳೆದವನಿಗೆ ಇದನ್ನು ಓದಿ ಸುಮ್ಮನಿರಲಾಗಲಿಲ್ಲ. ಕವಡೆಯೊಂದಕ್ಕೆ ಒಂದೂಕಾಲು ಗ್ರಾಂ ಎಂದು ಹಿಡಿದರೆ 1,600 ಟನ್. ಈಗಿನ ಮುಚ್ಚುವ್ಯಾಗನ್ನುಗಳಲ್ಲಿ ತುಂಬಿದರೂ ಸುಮಾರು 28 ವ್ಯಾಗನ್ನು. ಒಂದು ಜಿಲ್ಲೆಯ ಒಂದು ವರ್ಷದ ಕಂದಾಯವಿದು. ಒಡಿಶಾದಲ್ಲಿ ಕಂಪನಿ ಸರಕಾರವು ಕವಡೆಯನ್ನು ಒಪ್ಪದೆ ಬೆಳ್ಳಿಯನ್ನೇ ಕೇಳತೊಡಗಿದಾಗ ಬಡ ರೈತನ ಕೈಯಲ್ಲಿದ್ದ ಹಣ ಹಣವೇ ಅಲ್ಲವೆಂದಾಯಿತು. 1817ರ ಪಾಯಿಕರ ದಂಗೆಗೆ ಇದೂ ಒಂದು ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ.

ಇಷ್ಟು ಕವಡೆಗಳು ಎಲ್ಲಿಂದ ಬಂದವು? ವಂಗದೇಶದ ಕಡಲಿನಿಂದಲ್ಲ. ಬಂದದ್ದು ನಾವಿರುವ ಈ ಪಶ್ಚಿಮ ಸಮುದ್ರದ ಆಚೆಯಿಂದ, ಮಾಲ್ದೀವ್ ದ್ವೀಪಗಳಿಂದ.

ಕವಡೆಯು ಕಡಲಿನ ಬಸವನಹುಳುಗಳ ಜಾತಿಗೆ ಸೇರಿದ ಮೃದ್ವಂಗಿ. ಹಣವಾಗಿ ನಡೆದ ಹಳದಿ ಕವಡೆಗೆ 1758ರಲ್ಲಿ ಲಿನ್ನೇಯಸ್ ಎಂಬ ಸ್ವೀಡನ್ನಿನ ಪಂಡಿತನು ‘ಸಿಪ್ರಿಯಾ ಮೊನೆಟಾ’ ಎಂದು ಹೆಸರಿಟ್ಟನು. ಈಗ ‘ಮೊನೆಟೇರಿಯಾ ಮೊನೆಟಾ’ ಎನ್ನುತ್ತಾರೆ. ಮೊನೆಟಾ ಎಂದರೆ ಲ್ಯಾಟಿನ್ನಿನಲ್ಲಿ ನಾಣ್ಯ. ಉದ್ದ ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರು. ಆಳವಿಲ್ಲದ ನೀರಿನಲ್ಲಿ, ಹವಳದ ಬಂಡೆಗಳ ಸಂದಿಯಲ್ಲಿ ಇದ್ದುಕೊಂಡು ಪಾಚಿಯನ್ನು ತಿಂದು ಬದುಕುತ್ತದೆ. ಮರಿಯಾಗಿದ್ದಾಗ ಚಿಪ್ಪು ತೆಳ್ಳಗೆ, ಬಾಯಿ ಅಗಲ; ನೋಡಿದರೆ ಇದು ಕವಡೆಯೆಂದು ಯಾರೂ ಹೇಳಲಾರರು. ಬೆಳೆದಂತೆ ಅಂಚು ಒಳಕ್ಕೆ ಮಡಿಸಿಕೊಂಡು, ದಪ್ಪವಾಗಿ, ಹಲ್ಲಿನಂಥ ಗೆರೆಗಳು ಮೂಡಿ, ಬಾಯಿ ಕಿರಿದಾದ ಸೀಳಾಗಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಚಿಪ್ಪು ಉದ್ದವಾಗುವುದಿಲ್ಲ, ಗಟ್ಟಿಯಾಗುತ್ತದೆ ಅಷ್ಟೆ. ತಾಯಿಯು ತನ್ನ ಮೊಟ್ಟೆಗಳ ಮೇಲೆ ಕುಳಿತು ಕಾಯುತ್ತದೆಂಬುದನ್ನು ಓದಿದಾಗ ನನಗೆ ಆಶ್ಚರ್ಯವಾಯಿತು.

ಬಾಲಿಕೆಯ ಪ್ರಶ್ನೆಗೆ ಉತ್ತರವಿರುವುದು ಕವಡೆಯ ಹೊಳಪಿನಲ್ಲಿ. ಜೀವವಿರುವಾಗ ಅದರ ಮೈಯ ಎರಡು ಮೃದುವಾದ ಪದರಗಳು ಎರಡು ಬದಿಯಿಂದಲೂ ಮೇಲಕ್ಕೆ ಚಾಚಿ ಚಿಪ್ಪನ್ನು ಹೊರಗಿನಿಂದ ಮುಚ್ಚಿಕೊಳ್ಳುತ್ತವೆ. ನಾವು ಶಾಲು ಹೊದೆಯುವಂತೆ ಎನ್ನಿ. ಆ ಪದರವೇ ಚಿಪ್ಪಿನ ಮೇಲೆ ಹೊಸ ಲೇಪವನ್ನು ಹಾಕುತ್ತ ಅದನ್ನು ನುಣುಪಾಗಿಡುತ್ತದೆ. ಪ್ರಾಣಿಯು ತಾನಾಗಿ ಸತ್ತರೆ, ಬರಿದಾದ ಚಿಪ್ಪು ಅಲೆಗಳಲ್ಲಿ ಉರುಳಿ, ಮರಳಿನಲ್ಲಿ ಉಜ್ಜಿ, ಬಿಸಿಲಿನಲ್ಲಿ ಒಣಗಿ ಮಂಕಾಗುತ್ತದೆ. ದಡಕ್ಕೆ ಬಂದು ಬೀಳುವ ಚಿಪ್ಪುಗಳು ಸುಣ್ಣದಂತೆ ಬಿಳಿಚಿಕೊಂಡಿರುವುದನ್ನು ತಿರುವನಂತಪುರದ ಶಂಖುಮುಖಂ ಕಡಲತೀರದಲ್ಲಿ ನಡೆದಾಡಿದವರೆಲ್ಲರೂ ನೋಡಿರುತ್ತಾರೆ. ಆದುದರಿಂದ, ಅಂಗಡಿಯಲ್ಲಿ ಕನ್ನಡಿಯಂತೆ ಹೊಳೆಯುವ ಕವಡೆಯು ಬಹುಮಟ್ಟಿಗೆ ಜೀವಂತವಾಗಿ ಹಿಡಿದದ್ದೇ ಸರಿ.

ಹಿಡಿಯುತ್ತಿದ್ದ ಕ್ರಮವನ್ನು ನೋಡಿದವರು ಬರೆದಿದ್ದಾರೆ. ಹನ್ನೊಂದನೆಯ ಶತಮಾನದ ಅಲ್‌ಬೀರೂನಿಯು ಈ ಸಮುದ್ರದ ದ್ವೀಪಗಳನ್ನು ಕವಡೆಯ ದ್ವೀಪಗಳು, ತೆಂಗಿನ ನಾರಿನ ದ್ವೀಪಗಳು ಎಂದು ಎರಡಾಗಿ ವಿಂಗಡಿಸಿ, ತೆಂಗಿನ ಗರಿಗಳನ್ನು ನೀರಿನಲ್ಲಿ ನೆಟ್ಟು ಅವುಗಳಿಗೆ ಅಂಟಿದ ಕವಡೆಗಳನ್ನು ಆರಿಸುತ್ತಾರೆಂದು ಹೇಳುತ್ತಾನೆ. 1343ರಲ್ಲಿ ಮಾಲ್ದೀವಿಗೆ ಬಂದು ಅಲ್ಲಿ ನ್ಯಾಯಾಧಿಕಾರಿಯೂ ಆಗಿದ್ದ ಇಬ್ನ್ ಬತೂತನು, ಕವಡೆಗಳನ್ನು ದಡದ ಗುಂಡಿಗಳಲ್ಲಿ ಹೂಳಿ, ಮಾಂಸವೆಲ್ಲ ಕೊಳೆತು ಬಿಳಿಯ ಚಿಪ್ಪು ಉಳಿಯುವವರೆಗೆ ಬಿಡುತ್ತಿದ್ದರೆಂದು ಬರೆದನು. 1602ರಲ್ಲಿ ಹಡಗು ಒಡೆದು ಅಲ್ಲಿ ಐದು ವರ್ಷ ಸಿಕ್ಕಿಕೊಂಡ ಪಿರಾರ್ ಎಂಬ ಫ್ರೆಂಚನು ಹೇಳುವಂತೆ, ಅಮಾವಾಸ್ಯೆ ಹುಣ್ಣಿಮೆಗಳ ಹಿಂದೆ ಮೂರು ದಿನ, ಮುಂದೆ ಮೂರು ದಿನ ಹೆಂಗಸರು ಸೊಂಟದ ನೀರಿಗಿಳಿದು ಕವಡೆ ಆರಿಸುತ್ತಿದ್ದರು. ಪರ್ವಕಾಲದಲ್ಲಿ ಸಮುದ್ರದ ಇಳಿತ ಹೆಚ್ಚು, ಬಂಡೆಗಳು ಬೆತ್ತಲೆಯಾಗುತ್ತವೆ ಎಂಬುದೇ ಇದರ ಮರ್ಮ. ಹನ್ನೆರಡು ಸಾವಿರದಂತೆ ತೆಂಗಿನ ಗರಿಯ ಬುಟ್ಟಿಗಳಲ್ಲಿ ಕಟ್ಟಿ, ಮೂವತ್ತು ನಲವತ್ತು ಹಡಗುಗಳು ಬರಿಯ ಕವಡೆಯನ್ನೇ ಹೊತ್ತು ವಂಗದೇಶಕ್ಕೆ ಹೋಗುವುದನ್ನು ಅವನು ಕಂಡನು. ಬಂದ ಹಡಗುಗಳು ಅಕ್ಕಿ ತರುತ್ತಿದ್ದವು.

ಕೊಚ್ಚಿಗೂ ಈ ವ್ಯಾಪಾರಕ್ಕೂ ಹತ್ತಿರದ ನಂಟು. ಪೋರ್ಚುಗೀಸರು ಮಾಲ್ದೀವಿನ ಮೇಲೆ ಕಣ್ಣಿಟ್ಟದ್ದು ಈ ಬಂದರಿನಿಂದಲೇ. ಅಲ್ಲಿಯ ಸುಲ್ತಾನ ಒಂಬತ್ತನೆಯ ಹಸನನು ಸಿಂಹಾಸನ ಬಿಟ್ಟು ಕೊಚ್ಚಿಗೆ ಬಂದು 1552ರಲ್ಲಿ ಇಲ್ಲಿಯೇ ಕ್ರೈಸ್ತನಾದನು. ಹೇಳಿದ ಪಿರಾರನೂ ಮುಂದೆ ಪೋರ್ಚುಗೀಸರ ಕೈಗೆ ಸಿಕ್ಕಿ ಕೆಲಕಾಲ ಕೊಚ್ಚಿಯ ಸೆರೆಯಲ್ಲಿದ್ದನು. 1663ರಲ್ಲಿ ಕೊಚ್ಚಿ ಡಚ್ಚರ ಪಾಲಾಯಿತು. ಅನಂತರದ ನೂರೈವತ್ತು ವರ್ಷ ಡಚ್ಚರೂ ಇಂಗ್ಲಿಷರೂ ಕವಡೆಯನ್ನು ಹಡಗಿನ ತಳಭಾರವಾಗಿ ತುಂಬಿ ಯೂರೋಪಿಗೆ ಒಯ್ದರು. ಅಲ್ಲಿ ಹರಾಜಿನಲ್ಲಿ ಕೊಂಡವರು ಪಶ್ಚಿಮ ಆಫ್ರಿಕದ ಕರಾವಳಿಗೆ ಸಾಗಿಸಿ, ಕವಡೆ ಎಣಿಸಿಕೊಟ್ಟು ಮನುಷ್ಯರನ್ನು ಕೊಂಡರು. ಅವರನ್ನು ಸರಪಳಿ ಹಾಕಿ ಅಮೆರಿಕಕ್ಕೆ ಒಯ್ದರು. ‘ಲಕ್ಷ್ಮೀ ಕವಡೆ’ಯೆಂದು ನಾವು ಕುಂಕುಮವಿಡುವ ವಸ್ತುವಿಗೆ ಈ ಇತಿಹಾಸವೂ ಇದೆಯೆಂಬುದನ್ನು ಬಚ್ಚಿಡುವುದು ಸರಿಯಲ್ಲವೆಂದು ಹೇಳಿದ್ದೇನೆ.

ಬೆಲೆಯ ಮಾತೊಂದಿದೆ. ಮಾಲ್ದೀವಿನಲ್ಲಿ ಒಂದು ಚಿನ್ನದ ದೀನಾರಕ್ಕೆ ನಾಲ್ಕು ಲಕ್ಷ ಕವಡೆ, ಕೆಲವೊಮ್ಮೆ ಇನ್ನೂ ಹೆಚ್ಚು, ಎಂದು ಬರೆದ ಇಬ್ನ್ ಬತೂತನೇ ಆಫ್ರಿಕದ ಮಾಲಿ ರಾಜ್ಯದಲ್ಲಿ ದೀನಾರಕ್ಕೆ 1,150 ಕವಡೆ ನಡೆಯುವುದನ್ನು ನೋಡಿದನು. ಚಿಪ್ಪು ಅದೇ. ಹುಟ್ಟಿದ ಕಡೆ ಗುಂಡಿಯಲ್ಲಿ ಕೊಳೆಯುವ ಕಸ, ದೂರ ಹೋದಂತೆ ಧನ. ಹತ್ತೊಂಬತ್ತನೆಯ ಶತಮಾನದಲ್ಲಿ ಆಫ್ರಿಕದ ಪೂರ್ವ ಕರಾವಳಿಯಿಂದ ಉಂಗುರದ ಗುರುತಿನ ಇನ್ನೊಂದು ಜಾತಿಯ ಅಗ್ಗದ ಕವಡೆಯನ್ನು ಹಡಗುಗಟ್ಟಲೆ ತಂದು ಸುರಿದಾಗ, ಪಶ್ಚಿಮದಲ್ಲಿ ಕವಡೆ ಕೂಡಿಟ್ಟವರ ಗಂಟೆಲ್ಲ ಕರಗಿತು. ಕವಡೆಯು ಧನವನ್ನು ಆಕರ್ಷಿಸುವುದೆಂಬ ಮಾತನ್ನು ಅವರು ಒಪ್ಪಲಾರರು.

ಲಕ್ಷದ್ವೀಪದಲ್ಲಿಯೂ ಕವಡೆ ಉಂಟು. ಕೊಚ್ಚಿಯ ವಿಲಿಂಗ್ಡನ್ ದ್ವೀಪದಿಂದ ಅಲ್ಲಿಗೆ ಹಡಗು ಹೊರಡುವುದನ್ನು ನೋಡುವ ನಮ್ಮವರಲ್ಲಿ ಬಹಳ ಮಂದಿಗೆ ಒಂದು ಸಂಗತಿ ತಿಳಿದಿಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಉತ್ತರದ ದ್ವೀಪಗಳು 1799ರಿಂದ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿ ಮಂಗಳೂರಿನ ಕಲೆಕ್ಟರರ ಆಡಳಿತದಲ್ಲಿದ್ದವು. ಕಾಸರಗೋಡಿನಂತೆ ಅವೂ 1956ರಲ್ಲಿ ನಮ್ಮಿಂದ ಬೇರೆಯಾದವು.

ಇನ್ನು ಕೇರಳದಲ್ಲಿ ಕವಡೆಗೆ ಇರುವ ವಿಶೇಷ ಸ್ಥಾನವೆಂದರೆ ಪ್ರಶ್ನಶಾಸ್ತ್ರ. ತಲಶ್ಶೇರಿಯ ಬಳಿಯ ಎಡಕ್ಕಾಡಿನ ಬ್ರಾಹ್ಮಣರೊಬ್ಬರು 1649ರ ಸುಮಾರಿಗೆ ರಚಿಸಿದ ಪ್ರಶ್ನಮಾರ್ಗವು ಇದಕ್ಕೆ ಆಕರಗ್ರಂಥ. ನಮ್ಮ ಕಾಸರಗೋಡು, ಉಡುಪಿ, ಪುತ್ತೂರಿನ ಕಡೆಯ ದೇವಸ್ಥಾನಗಳಲ್ಲಿಯೂ ಅಷ್ಟಮಂಗಲ ಪ್ರಶ್ನೆ ಸುಪರಿಚಿತ. ತಿರುವನಂತಪುರದ ಶ್ರೀಪದ್ಮನಾಭನ ಸನ್ನಿಧಿಯಲ್ಲಿ ನೆಲಮಾಳಿಗೆಗಳನ್ನು ತೆರೆದ ಮೇಲೆ, 2011ರ ಆಗಸ್ಟ್ ತಿಂಗಳಿನಲ್ಲಿ ನಡೆದ ದೇವಪ್ರಶ್ನೆಯನ್ನು ದೇಶವೇ ಗಮನಿಸಿತು. ಕ್ರಮ ಹೀಗೆ: ಅಭಿಮಂತ್ರಿಸಿದ 108 ಕವಡೆಗಳನ್ನು ದೈವಜ್ಞರು ಎಣಿಸದೆ ಮೂರು ರಾಶಿ ಮಾಡುತ್ತಾರೆ. ಪ್ರತಿ ರಾಶಿಯಿಂದ ಎಂಟೆಂಟನ್ನು ಕಳೆದು ಉಳಿದದ್ದನ್ನು ಬರೆಯುತ್ತಾರೆ. ಏನೂ ಉಳಿಯದಿದ್ದರೆ ಎಂಟು. ಹೀಗೆ ಬರುವ ಮೂರಂಕಿಯ ಸಂಖ್ಯೆಯೇ ಅಷ್ಟಮಂಗಲ ಸಂಖ್ಯೆ; ಭೂತ, ವರ್ತಮಾನ, ಭವಿಷ್ಯಗಳಿಗೆ ಒಂದೊಂದು ಅಂಕೆ.

ಇಲ್ಲೊಂದು ಗಣಿತದ ಸ್ವಾರಸ್ಯವಿದೆ. ಮಕ್ಕಳು ಕಾಗದದ ಮೇಲೆ ಮಾಡಿ ನೋಡಲಿ. ಒಟ್ಟು 108, ಇದನ್ನು ಎಂಟರಿಂದ ಭಾಗಿಸಿದರೆ ಉಳಿಯುವುದು 4. ಆದ್ದರಿಂದ ಮೂರು ಶೇಷಗಳ ಮೊತ್ತವೂ ಎಂಟರಿಂದ ಭಾಗಿಸಿದಾಗ 4 ಉಳಿಯುವಂತೆಯೇ ಇರಬೇಕು. ಅಂದರೆ ಮೊತ್ತವು 4, 12, 20 ಈ ಮೂರರಲ್ಲಿ ಒಂದು. ಮೊದಲೆರಡು ಅಂಕೆಗಳು ಗೊತ್ತಾದರೆ ಮೂರನೆಯದು ತಾನಾಗಿ ನಿಶ್ಚಿತ. ಮೊದಲೆರಡು 5 ಮತ್ತು 6 ಆದರೆ ಮೂರನೆಯದು 1 ಆಗಲೇಬೇಕು. ಎಂಟೆಂಟರ ಲೆಕ್ಕದಲ್ಲಿ 512 ಸಂಖ್ಯೆಗಳು ಬರಬಹುದೆಂದು ತೋರಿದರೂ ಬರುವುದು 64 ಮಾತ್ರ. ಭೂತವೂ ವರ್ತಮಾನವೂ ತಿಳಿದರೆ ಭವಿಷ್ಯವು ಗೊತ್ತಾದಂತೆಯೇ ಎಂದು ಇದನ್ನು ಅರ್ಥಮಾಡಬಹುದೋ ಏನೋ, ಜ್ಯೋತಿಷಿಗಳಾದ ಮಿತ್ರರು ಹೇಳಬೇಕು. ನಾನು ಲೆಕ್ಕದವನು. ಆದರೆ ಪ್ರಶ್ನೆಯಲ್ಲಿ ಕವಡೆಯು ಎಣಿಕೆಯ ಸಾಧನವಾಗಿದೆ, ಪೂಜ್ಯವಸ್ತುವಿನ ಸ್ಥಾನದಲ್ಲಿ ಅಲ್ಲ ಎಂಬುದನ್ನು ಗಮನಿಸಬೇಕು.

ಈಗ ಅತ್ತೆಯವರ ಆಕ್ಷೇಪಕ್ಕೆ ಬರೋಣ. ಪ್ರಾಣಿಯ ಚಿಪ್ಪು ಎಂಬ ಮಾತ್ರದಿಂದಲೇ ಮೈಲಿಗೆಯೆನ್ನುವಂತಿಲ್ಲ. ಮನುಸ್ಮೃತಿಯ ಐದನೆಯ ಅಧ್ಯಾಯದ ದ್ರವ್ಯಶುದ್ಧಿ ಪ್ರಕರಣದಲ್ಲಿ, ಲೇಪವಿಲ್ಲದ ಚಿನ್ನದ ಪಾತ್ರೆ ಮತ್ತು ಕಲ್ಲಿನ ಜೊತೆಗೆ ನೀರಿನಲ್ಲಿ ಹುಟ್ಟಿದ ವಸ್ತುವೂ ಬರಿಯ ನೀರಿನಿಂದ ಶುದ್ಧವಾಗುತ್ತದೆಂದಿದೆ. ಶಂಖ, ಕೊಂಬು, ದಂತಗಳನ್ನು ಬಿಳಿಸಾಸಿವೆಯ ಕಲ್ಕದಿಂದಲೋ ಗೋಮೂತ್ರದಿಂದಲೋ ನೀರಿನಿಂದಲೋ ಶುದ್ಧಿಮಾಡುವ ಕ್ರಮವೂ ಅಲ್ಲಿಯೇ ಹೇಳಿದೆ. ನಮ್ಮ ದೇವರಪೂಜೆ ಶಂಖವಿಲ್ಲದೆ ನಡೆಯುವುದೇ ಇಲ್ಲ. ಶಂಖವೂ ಕಡಲಿನ ಬಸವನಹುಳುವಿನ ಮನೆಯೇ, ಕವಡೆಯ ದೊಡ್ಡಣ್ಣ. ಸಾಲಿಗ್ರಾಮದ ಒಳಗಿನ ಚಕ್ರಗಳನ್ನು ವಜ್ರಕೀಟವು ಕೊರೆದದ್ದೆಂದು ನಮ್ಮ ಸಂಪ್ರದಾಯ ಹೇಳಿದರೆ, ಭೂವಿಜ್ಞಾನಿಗಳು ಅದನ್ನು ಹದಿನಾಲ್ಕು ಕೋಟಿ ವರ್ಷಗಳಿಗೂ ಹಿಂದೆ, ಹಿಮಾಲಯವಿರುವ ಜಾಗದಲ್ಲಿ ಸಮುದ್ರವಿದ್ದಾಗ ಬದುಕಿದ್ದ ಮೃದ್ವಂಗಿಯ ಚಿಪ್ಪು ಕಲ್ಲಾದದ್ದು ಎನ್ನುತ್ತಾರೆ. ಶ್ರೀಪದ್ಮನಾಭನ ಮೂಲಬಿಂಬದಲ್ಲಿ ಗಂಡಕಿಯಿಂದ ತಂದ 12,008 ಸಾಲಿಗ್ರಾಮಗಳಿವೆಯೆಂಬುದು ಪ್ರಸಿದ್ಧಿ. ಶ್ರೀಮದಾಚಾರ್ಯರು ದಕ್ಷಿಣದಿಗ್ವಿಜಯದಲ್ಲಿ ಆ ಅನಂತಶಯನನ ಸನ್ನಿಧಿಗೆ ಬಂದುದನ್ನು ಸುಮಧ್ವವಿಜಯವು ವರ್ಣಿಸುತ್ತದೆ. ಹೀಗಿರಲು ಚಿಪ್ಪೆಂದು ಹೇಸುವ ಕಾರಣವಿಲ್ಲ. ಅಂದು ನಾನು ಹೇಳಿದ ಸಮಾಧಾನ ಇಷ್ಟೇ. ಹಾಗಾದರೆ ಮಂಟಪದಲ್ಲಿ ಇಡಲೇ ಎಂದು ಸೊಸೆ ಆಗ ಕೇಳಿದ್ದಳು, ನಾನು ಉತ್ತರಿಸಿರಲಿಲ್ಲ.

ಶುದ್ಧವಾದದ್ದೆಲ್ಲ ಪೂಜ್ಯವಾಗುವುದಿಲ್ಲ. ಪೂಜ್ಯತೆಗೆ ವಿಧಿ ಬೇಕು. ಸಾಲಿಗ್ರಾಮದಲ್ಲಿ ಆವಾಹನೆಯಿಲ್ಲದೆಯೇ ಭಗವಂತನ ನಿತ್ಯಸನ್ನಿಧಾನವೆಂದು ಶಾಸ್ತ್ರವಿದೆ. ಶಂಖಕ್ಕೆ ಪೂಜಾವಿಧಿ ಇದೆ, ಅಭಿಷೇಕದಲ್ಲಿ ವಿನಿಯೋಗವಿದೆ. ಗೃಹಸ್ಥನ ನಿತ್ಯಾಚರಣೆಯನ್ನು ಹೇಳುವ ಶ್ರೀಮದಾಚಾರ್ಯರ ಸದಾಚಾರಸ್ಮೃತಿಯಲ್ಲಾಗಲಿ, ಪೂಜಾಕ್ರಮವನ್ನು ಹೇಳುವ ತಂತ್ರಸಾರಸಂಗ್ರಹದಲ್ಲಾಗಲಿ ನಾನು ಓದಿದ ಮಟ್ಟಿಗೆ ಕವಡೆಯ ಪೂಜೆ ಕಾಣಲಿಲ್ಲ. ಸವದತ್ತಿಯ ಎಲ್ಲಮ್ಮನ ಭಕ್ತರು, ತುಳಜಾಭವಾನಿಯ ಭಕ್ತರು ಕವಡೆಯ ಸರ ಧರಿಸುತ್ತಾರೆ. ಅದು ಅವರ ಸಂಪ್ರದಾಯ, ಅದನ್ನು ನಿಂದಿಸುವ ಕೆಲಸ ನಮ್ಮದಲ್ಲ. ವೈದ್ಯರಿಗೂ ಕವಡೆ ಬೇಕು. ರಸರತ್ನಸಮುಚ್ಚಯವು ಹಳದಿ ಬಣ್ಣದ, ಬೆನ್ನಿನ ಮೇಲೆ ಗಂಟುಗಳಿರುವ ವರಾಟಿಕೆಯನ್ನು ಔಷಧಕ್ಕೆ ಆರಿಸಬೇಕೆಂದು ಹೇಳಿ, ಒಂದೂವರೆ ನಿಷ್ಕ ತೂಗುವುದು ಶ್ರೇಷ್ಠ, ಒಂದು ನಿಷ್ಕದ್ದು ಮಧ್ಯಮ, ಮುಕ್ಕಾಲು ನಿಷ್ಕದ್ದು ಕನಿಷ್ಠ ಎಂದು ತರತಮವನ್ನೂ ಕೊಡುತ್ತದೆ. ಆ ಲಕ್ಷಣಗಳು ನಮ್ಮ ಹಣದ ಕವಡೆಯನ್ನೇ ಹೋಲುತ್ತವೆ. ಅದರ ಭಸ್ಮವು ಅಗ್ನಿಮಾಂದ್ಯಕ್ಕೆ ಔಷಧ.

ಬಾಲಿಕೆಯು ಮುಂದೆ ಕೇಳಬಹುದಾದದ್ದನ್ನು ನಾನೇ ಕೇಳಿಕೊಂಡೆ: ಶಂಖವನ್ನೂ ಜೀವಂತ ಹಿಡಿಯುವುದಿಲ್ಲವೇ? ಹಿಡಿಯುತ್ತಾರೆ. ಆದರೆ ಒಂದು ಮನೆಗೆ ಒಂದು ಶಂಖ ನಾಲ್ಕು ತಲೆಮಾರು ಬರುತ್ತದೆ. ನಮ್ಮ ಮನೆಯದು ಮುತ್ತಜ್ಜನ ಕಾಲದ್ದು. ಅದಕ್ಕೆ ವಿಧಿಯ ಬಲವಿದೆ. ಶಾಸ್ತ್ರವಿಹಿತವಾದ ಯಜ್ಞದಲ್ಲಿಯೂ ಪ್ರಾಣಿಯ ಬದಲಿಗೆ ಹಿಟ್ಟಿನ ಪಶುವನ್ನು ಇಡಬೇಕೆಂದು ನಡೆಸಿಕೊಂಡು ಬಂದ ಸಂಪ್ರದಾಯ ನಮ್ಮದು. ವಿಹಿತವಾದಲ್ಲಿಯೇ ಇಷ್ಟು ಸಂಕೋಚಪಟ್ಟವರು, ಯಾವ ವಿಧಿಯೂ ಇಲ್ಲದ ಕಡೆ ಹನ್ನೊಂದು ಪ್ರಾಣಿಗಳನ್ನು ಮರಳಿನಲ್ಲಿ ಕೊಳೆಯಿಸಿದ್ದಕ್ಕೆ ಹಣ ಕೊಟ್ಟು, ಅದನ್ನು ಲಕ್ಷ್ಮಿಯೆಂದು ಕರೆಯುವುದು ನನಗೆ ಒಪ್ಪಿತವಾಗಲಿಲ್ಲ. ಕೊಂಡಾಗಿರುವುದನ್ನು ಎಸೆಯಬೇಕಿಲ್ಲ, ಇನ್ನು ಮೇಲೆ ಕೊಳ್ಳುವುದು ಬೇಡ. 2001ರಲ್ಲಿ ಭಾರತ ಸರಕಾರವು ವನ್ಯಜೀವಿ ಸಂರಕ್ಷಣಾ ಕಾನೂನಿನ ಪಟ್ಟಿಗಳಿಗೆ ಕೆಲವು ಜಾತಿಯ ಶಂಖಗಳನ್ನೂ ದೊಡ್ಡ ಕವಡೆಗಳನ್ನೂ ಸೇರಿಸಿತು. ಆದುದರಿಂದ ಪ್ರವಾಸಕ್ಕೆ ಹೋದವರು ಕಂಡ ಚಿಪ್ಪನ್ನೆಲ್ಲ ಕೊಂಡುತರುವ ಮೊದಲು ವಿಚಾರಿಸುವುದು ಕ್ಷೇಮ. ವಿಷಯಾಸಕ್ತಿಯುಳ್ಳ ಮಕ್ಕಳಿಗೆ ಕೊಚ್ಚಿಯಲ್ಲಿಯೇ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾಲಯದ ಪ್ರಧಾನ ಕಚೇರಿಯೂ ಸಂಗ್ರಹಾಲಯವೂ ಇವೆ.

ಸಾಲದ ವಿಷಯ ಉಳಿಯಿತು. ಸೊಸೆಗೆ ನಾನು ಪಾಜಕದ ಕಥೆಯನ್ನು ನೆನಪಿಸಿದೆ. ಮಧ್ಯಗೇಹ ಭಟ್ಟರು ಎತ್ತಿನ ಬೆಲೆ ಬಾಕಿಯಿಟ್ಟಿದ್ದಾಗ ಮಾರಿದವನು ಬಂದು ಹಣ ಕೇಳಿದನು. ಬಾಲಕನಾದ ವಾಸುದೇವನು ಹುಣಸೆಯ ಬೀಜಗಳನ್ನು ಎಣಿಸಿಕೊಟ್ಟನು. ಅವನು ಅದನ್ನೇ ಹಣವೆಂದು ಸ್ವೀಕರಿಸಿ ಹೋದನು. ಮುಂದೆ ತಂದೆಯು ನಿಜವಾದ ಹಣ ಕೊಡಹೋದಾಗ, ನನಗೆ ಸಂದಿದೆ ಎಂದು ಹೇಳಿ ತೆಗೆದುಕೊಳ್ಳಲೇ ಇಲ್ಲ. “ಹಾಗಾದರೆ ಕವಡೆಗೆ ಆಗದ್ದು ಹುಣಸೆಬೀಜಕ್ಕೆ ಹೇಗೆ ಆಯಿತು ಆಚಾರ್ಯರೇ?” ಎಂದು ಆಕೆ ಕೇಳಿದಳು. ಬೀಜದಿಂದಲ್ಲಮ್ಮಾ, ಕೊಟ್ಟ ಕೈಯಿಂದ, ಎಂದೆ. ಆಮೇಲೆ ಬ್ಯಾಂಕಿನ ಕಾಗದಗಳನ್ನು ತರಿಸಿ ನೋಡಿದೆ. ಬಡ್ಡಿಯ ದರ ಇಳಿದಾಗ ಅದನ್ನು ತಮ್ಮ ಸಾಲಕ್ಕೂ ಅನ್ವಯಿಸುವಂತೆ ಅವರು ಅರ್ಜಿಯನ್ನೇ ಕೊಟ್ಟಿರಲಿಲ್ಲ. ಅರ್ಜಿಯ ಕರಡನ್ನು ಬರೆದುಕೊಟ್ಟು ಬಂದೆ.

ನವರಾತ್ರಿಯಲ್ಲಿ ಮತ್ತೆ ಆ ಮನೆಗೆ ಹೋದಾಗ ದೇವರ ಮಂಟಪದಲ್ಲಿ ಕೆಂಪು ಚೀಲವಿರಲಿಲ್ಲ. ಅತ್ತೆಯವರು ಹನ್ನೊಂದು ಕವಡೆಗಳನ್ನೂ ಸಾಸಿವೆಯ ಪುಡಿ ಹಚ್ಚಿ ತೊಳೆದು, ಏಳನ್ನು ಡಬ್ಬಿಯಲ್ಲಿಟ್ಟು, ನಾಲ್ಕನ್ನು ಹೊರಗೆ ತೆಗೆದಿದ್ದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಐದು ಮನೆಗಳ ಚೌಕಾಬಾರ ಬರೆದಿತ್ತು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು, ಎಂದು ಮೊಮ್ಮಗಳಿಗೆ ಹೇಳಿಕೊಡುತ್ತಿದ್ದರು. ನಾನು ಕುಳಿತು ನೋಡುತ್ತಿರುವಾಗಲೇ ಅಜ್ಜಿಗೆ ಎರಡು ಸಲ ಬಾರ ಬಿದ್ದಿತು. ಮೊಮ್ಮಗಳ ಕಾಯಿಗಳು ಇನ್ನೂ ಮನೆಯನ್ನೇ ಬಿಟ್ಟಿರಲಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥